ತೋರುಬೆರಳು

“ಇದನ್ನ ನಾನು ಮುಟ್ಟಲ್ಲ. ಮೊದಲು ಕೌಂಟರ್ ಮೇಲಿಂದ ತೆಗೀರಿ.”

ಮಾಸ್ಟರ್ ಹೆಂಡತಿ ತೆಗೆಯಲಿಲ್ಲ. ಕಪ್ಪು ಲ್ಯಾಪ್‌ಟಾಪಿನ ಮೇಲೆ ಎರಡೂ ಅಂಗೈ ಊರಿಕೊಂಡು ನಿಂತರು. ಮುಚ್ಚಳದ ಒಂದು ಮೂಲೆ ಒಡೆದಿತ್ತು. ಅದಕ್ಕೆ ಸುತ್ತಿದ್ದ ಟೇಪು ಹಳದಿಗಟ್ಟಿ ಅಂಚಿನಲ್ಲಿ ಎದ್ದು ಬಂದಿತ್ತು. ಹತ್ತು ವರ್ಷದ ಹಿಂದೆ ಆ ಟೇಪು ಸುತ್ತಿದವಳು ಈಗ ಕೌಂಟರಿನ ಈಚೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಳು. ಅದು ಯಾರ ಮೆಷಿನ್ನು ಎಂದು ಚೀಲದ ಜಿಪ್ಪು ಅರ್ಧ ಸರಿಯುವಾಗಲೇ ಅವಳಿಗೆ ಗೊತ್ತಾಗಿತ್ತು.

“ಮೂರು ಅಂಗಡಿ ಸುತ್ತಿ ಬಂದೆ,” ಎಂದರು ಅವರು. “ಒಬ್ಬ ಇದನ್ನ ಮ್ಯೂಸಿಯಮ್ಮಿಗೆ ಕೊಡಿ ಅಂತ ನಕ್ಕ. ಇನ್ನೊಬ್ಬ ಹೊಸದು ತಗೊಳ್ಳಿ ಅಂದ. ಮೂರನೆಯವನು, ಹಳೇ ಮೆಷಿನ್ನಾದ್ರೆ ಆ ಮೆಟ್ಟಿಲ ಕೆಳಗಿನ ಕೈಚಳಕದ ಹತ್ರಾನೇ ಹೋಗಿ ಅಂದ.”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಆ ಹೆಸರು ಅವಳಿಗೆ ಹೊಸದೇನಲ್ಲ. ಪೇಟೆಯವರು ಅವಳಿಗೆ ಇಟ್ಟ ಅಡ್ಡಹೆಸರು ಅದು. ಕೈಕೆಲಸ ಬಲ್ಲವಳು ಎಂದೂ ಆಗುತ್ತಿತ್ತು, ಕಣ್ಣು ತಪ್ಪಿಸಿ ಎತ್ತಿಬಿಡುವವಳು ಎಂದೂ ಆಗುತ್ತಿತ್ತು. ಹೇಳುವವರು ಯಾವ ಅರ್ಥದಲ್ಲಿ ಹೇಳಿದರು ಎಂಬುದನ್ನು ಅವಳು ಅವರ ತುಟಿಯಂಚು ನೋಡಿ ತಿಳಿದುಕೊಳ್ಳುತ್ತಿದ್ದಳು.

ಮಾಸ್ಟರ್ ಎಂದರೆ ಪೇಟೆಗೆಲ್ಲ ಒಬ್ಬರೇ ಮಾಸ್ಟರ್. ಫ್ಯಾನಿನ ಸದ್ದು ಕೇಳಿಯೇ ಕಂಪ್ಯೂಟರಿನ ರೋಗ ಹೇಳುತ್ತಿದ್ದ ಮನುಷ್ಯ. ಅವರ ಅಂಗಡಿಯಲ್ಲಿ ಅವಳು ಆರು ವರ್ಷ ಕೆಲಸ ಕಲಿತಳು. ಏಳನೆಯ ವರ್ಷದ ಒಂದು ಮಧ್ಯಾಹ್ನ ಫೋಟೋಗ್ರಾಫರ್ ಒಬ್ಬನ ಹಾರ್ಡ್ ಡಿಸ್ಕ್ ಮೇಜಿನ ಮೇಲಿಂದ ಮಾಯವಾಯಿತು. ಅದರಲ್ಲಿ ನಲವತ್ತು ಮದುವೆಗಳ ಚಿತ್ರಗಳಿದ್ದವು. ಮಾಸ್ಟರ್ ಶಟರನ್ನು ಅರ್ಧಕ್ಕೆ ಎಳೆದರು. ನಾಲ್ಕು ಜನ ಗಿರಾಕಿಗಳು ನೋಡುತ್ತಿದ್ದಂತೆ ಅವಳ ಬ್ಯಾಗನ್ನು ಕೌಂಟರಿನ ಮೇಲೆ ತಲೆಕೆಳಗು ಮಾಡಿ ಕೊಡವಿದರು. ಊಟದ ಡಬ್ಬಿ, ಬಾಚಣಿಗೆ, ಬಸ್ ಪಾಸು, ಪೇಪರಿನಲ್ಲಿ ಸುತ್ತಿಟ್ಟುಕೊಂಡಿದ್ದ ತಿಂಗಳ ಪ್ಯಾಡುಗಳು. ಆ ಪೇಪರನ್ನೂ ಬಿಡಿಸಿ ನೋಡಿದರು. ಡಿಸ್ಕ್ ಇರಲಿಲ್ಲ. ಆದರೂ, “ಇವತ್ತಿಂದ ಈ ಅಂಗಡಿ ಮೆಟ್ಟಿಲು ಹತ್ತಬೇಡ,” ಎಂದರು.

ಎರಡು ದಿನ ಕಳೆದು ಆ ಡಿಸ್ಕ್ ಫೋಟೋಗ್ರಾಫರನ ಕೈ ಸೇರಿತು. ಅವಳೇ ಹೆದರಿ, ಬೆಳಗಿನ ಹೊತ್ತು ಅಂಗಡಿ ಬಾಗಿಲ ಸಂದಿಯಲ್ಲಿ ಇಟ್ಟುಹೋಗಿದ್ದಾಳೆ ಎಂದು ಮಾಸ್ಟರ್ ಹೇಳಿದರು. ಮಾಸ್ಟರ್ ಹೇಳಿದ ಮೇಲೆ ಮುಗಿಯಿತು. ಅವಳು ಎರಡು ಸಲ ಹೋಗಿ ಕೇಳಿದಳು, “ಡಿಸ್ಕ್ ನಿಜವಾಗಿ ಎಲ್ಲಿತ್ತು, ಹೇಳಿ.” ಎರಡು ಸಲವೂ ಅವರು ಬೆಸುಗೆ ಹಾಕುತ್ತಿದ್ದ ಬೋರ್ಡಿನಿಂದ ತಲೆ ಎತ್ತಲಿಲ್ಲ. ಅದಾಗಿ ಒಂಬತ್ತು ವರ್ಷ.

“ಏನಾಗಿದೆ ಅವರಿಗೆ?” ಎಂದು ಕೇಳಿದಳು. ಕೇಳಬಾರದೆಂದಿದ್ದಳು, ಬಾಯಿ ತಪ್ಪಿ ಬಂತು.

“ಸ್ಟ್ರೋಕ್. ಮೂವತ್ತೆಂಟು ದಿನ ಆಯ್ತು. ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮಾತಿಲ್ಲ. ಎಡಗೈಯಲ್ಲಿ ಒಂದು ತೋರುಬೆರಳು ಆಡತ್ತೆ, ಅಷ್ಟೇ. ತಲೆ ಸರಿಯಾಗಿದೆ, ಎಲ್ಲಾ ತಿಳಿಯತ್ತೆ ಅಂತಾರೆ ಡಾಕ್ಟ್ರು. ಹೇಳೋಕೆ ದಾರಿ ಇಲ್ಲ. ಅಕ್ಷರದ ಹಲಗೆ ತಂದು ಹಿಡಿದ್ವಿ, ಮಕ್ಕಳ ಆಟ ಅಂತಲೋ ಏನೋ ಕಣ್ಣೇ ಮುಚ್ಕೊಂಡ್ರು. ಟ್ಯಾಬ್ಲೆಟ್ ಕೊಟ್ವಿ, ಅಂಗೈ ತಾಗಿ ಹತ್ತು ಕಿಟಕಿ ಒಟ್ಟಿಗೆ ತೆರ್ಕೊಂಡ್ವು. ಬೆರಳು ಮಡಚಿಕೊಂಡ್ರು, ಮತ್ತೆ ಮುಟ್ಟಲಿಲ್ಲ. ದಿನಾ ಈ ಹಳೇ ಮೆಷಿನ್ನನ್ನೇ ನೋಡ್ತಾರೆ. ಅಳಿಯ ಬಂದವನು ಸ್ಪೀಡ್ ಆಗತ್ತೆ ಅಂತ ಇದರಲ್ಲಿ ಹೊಸ ಸಿಸ್ಟಮ್ ತುಂಬಿ ಹೋದ. ಈಗ ಬೆರಳಿಟ್ಟರೆ ಬಾಣ ಎಲ್ಲೋ ಓಡತ್ತೆ. ಬೆರಳಲ್ಲಿ ತಟ್ಟಿದ್ರೆ ಏನೂ ಆಗಲ್ಲ. ಕೆಳಗಿನ ಬಟನ್ ಒತ್ತೋಕೆ ಅವರಿಗೆ ಶಕ್ತಿ ಇಲ್ಲ.”

ಅವಳಿಗೆ ಕಾಯಿಲೆ ಅರ್ಧ ವಾಕ್ಯದಲ್ಲೇ ತಿಳಿದಿತ್ತು. ಹೊಸ ಸಿಸ್ಟಮ್ಮಿಗೆ ಆ ಹಳೆಯ ಟಚ್‌ಪ್ಯಾಡಿನ ಗುರುತಿಲ್ಲ. ಯಾವುದೋ ಸಾಮಾನ್ಯ ಮೌಸ್ ಎಂದುಕೊಂಡು ಕೂತಿದೆ. ಅದನ್ನು ನಡೆಸುವ ಹಳೆಯ ತಂತ್ರಾಂಶ, ಅಂದರೆ ಡ್ರೈವರ್, ಹಾಕಿದರೆ ಮಾತ್ರ ತಟ್ಟುವುದು, ಅಂಗೈ ತಾಗಿದರೆ ಲೆಕ್ಕಿಸದಿರುವುದು, ಮೆಲ್ಲಗೆ ಚಲಿಸುವುದು ಎಲ್ಲ ಹಿಂದಕ್ಕೆ ಬರುತ್ತದೆ. ಆ ಡ್ರೈವರನ್ನು ತಯಾರಿಸಿದವರೇ ತಮ್ಮ ತಾಣದಿಂದ ಕಿತ್ತುಹಾಕಿ ವರ್ಷಗಳಾಗಿವೆ. ಪೇಟೆಯಲ್ಲಿ ಅದು ಇರುವುದು ಅವಳ ಡ್ರಾಯರಿನ ಒಂದು ಪೆನ್‌ಡ್ರೈವಿನಲ್ಲಿ.

“ಸರಿ ಮಾಡಿಕೊಡ್ತೀನಿ,” ಎಂದಳು. “ದುಡ್ಡಿನ ಮಾತು ಬೇಡ. ಕೈ ನಡುಕ ನೋಡಿ ಹೊಂದಿಸಬೇಕು, ಅದಕ್ಕೆ ಮನೆಗೇ ಬರ್ತೀನಿ. ಆದರೆ ಅವರು ಮೊದಲು ಬರೆಯೋದು ನನ್ನ ಪ್ರಶ್ನೆಗೆ ಉತ್ತರ. ಆ ಡಿಸ್ಕ್ ಎಲ್ಲಿತ್ತು ಅಂತ. ಒಪ್ಪಿಗೆ ಇದ್ರೆ ಹೇಳಿ, ಇಲ್ಲಾಂದ್ರೆ ಎತ್ಕೊಂಡು ಹೋಗಿ.”

“ಹಾಸಿಗೆ ಹಿಡಿದವರ ಹತ್ರ ಹೀಗೆ ಕೇಳ್ತಾರೇನಮ್ಮಾ?”

“ನಿಂತಿದ್ದಾಗ ಕೇಳಿದ್ದೆ. ಆಗ ಹೇಳಲಿಲ್ಲ.”

ಮಾಸ್ಟರ್ ಹೆಂಡತಿ ಅವಳನ್ನು ದುರುದುರು ನೋಡಿದರು. ಆಮೇಲೆ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕುತ್ತ, “ನಾಲ್ಕು ಗಂಟೆಗೆ ಬಾ. ಮಲಗಿ ಎದ್ದಿರ್ತಾರೆ,” ಎಂದು ಮುಖ ತಿರುವಿ ನಡೆದರು.

ನಾಲ್ಕಕ್ಕೆ ಸರಿಯಾಗಿ ಅವಳು ಮೂರನೆಯ ಮಹಡಿಯ ಬಾಗಿಲು ತಟ್ಟಿದಳು. ಬಾಗಿಲು ತೆರೆದ ಮಾಸ್ಟರ್ ಹೆಂಡತಿ ಒಳಗೆ ಬಾ ಎನ್ನುವ ಮೊದಲು ಸೋಫಾದ ಮೇಲಿದ್ದ ತಮ್ಮ ಕೈಚೀಲವನ್ನು ಎತ್ತಿ ಅಡುಗೆಮನೆಯೊಳಗೆ ಇಟ್ಟುಬಂದರು. ಇಟ್ಟುಬಂದದ್ದನ್ನು ಅವಳು ನೋಡಿದಳು. ನೋಡಿದ್ದು ಅವರಿಗೂ ಗೊತ್ತಾಯಿತು.

ಕೋಣೆಯಲ್ಲಿ ಔಷಧಿಯ, ಪೌಡರಿನ ವಾಸನೆ. ತಲೆದಿಂಬು ಏರಿಸಿದ ಕಬ್ಬಿಣದ ಮಂಚ, ಅದರ ಮೇಲೆ ಅಡ್ಡಲಾಗಿ ಚಕ್ರವಿದ್ದ ಮೇಜು. ಎದುರಿಗೆ ಸ್ಟೂಲಿನ ಮೇಲೆ ನಿಲ್ಲಿಸಿದ್ದ ದೊಡ್ಡ ಫ್ಯಾನು ಭರ್ರೆಂದು ತಿರುಗುತ್ತಿತ್ತು. ಮಾಸ್ಟರ್ ಅರ್ಧಕ್ಕರ್ಧ ಇಳಿದುಹೋಗಿದ್ದರು. ಬಾಯಿಯ ಬಲ ಅಂಚು ಜೋಲಿತ್ತು. ಕಣ್ಣು ಮಾತ್ರ ಅದೇ. ಬೆಸುಗೆ ತಪ್ಪಿದಾಗ ನೋಡುತ್ತಿದ್ದ ಹಾಗೆಯೇ ಅವಳನ್ನು ಕಾಲಿಂದ ತಲೆಯವರೆಗೆ ನೋಡಿ ಗೋಡೆಯ ಕಡೆ ತಿರುಗಿದವು.

“ಟಚ್‌ಪ್ಯಾಡ್ ಸರಿ ಮಾಡೋಕೆ ಬಂದಿದ್ದೀನಿ. ನಿಮ್ಮನ್ನ ನೋಡೋಕಲ್ಲ,” ಎಂದಳು ಅವಳು. ಒಂಬತ್ತು ವರ್ಷ ಮನಸ್ಸಿನೊಳಗೆ ಆ ಮನುಷ್ಯನನ್ನು ಏಕವಚನದಲ್ಲೇ ಬೈದಿದ್ದಳು. ಎದುರಿಗೆ ನಿಂತಾಗ ಬಾಯಿಗೆ ಬಂದದ್ದು ಬಹುವಚನ. ಅದಕ್ಕೇ ಅವಳಿಗೆ ಇನ್ನಷ್ಟು ಮೈ ಉರಿಯಿತು.

ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ತಂದಿದ್ದ ವೈರಿನ ಮೌಸ್ ಸಿಕ್ಕಿಸಿ, ಪೆನ್‌ಡ್ರೈವ್ ಚುಚ್ಚಿದಳು. ಅಳಿಯ ಹಾಕಿದ ಹೊಸ ಸಿಸ್ಟಮ್ಮು ಮೇಲೇಳುವುದಕ್ಕೆ ಆರು ನಿಮಿಷ ತೆಗೆದುಕೊಂಡಿತು. ಮುದುಕನಿಗೆ ಬಿಗಿ ಪ್ಯಾಂಟು ತೊಡಿಸಿದ ಹಾಗಿತ್ತು. ಹಳೆಯ ಡ್ರೈವರನ್ನು ಓಡಿಸಿದಾಗ, ಈ ತಂತ್ರಾಂಶ ಈ ಸಿಸ್ಟಮ್ಮಿಗಲ್ಲ ಎಂದು ಅದು ಮುಖಕ್ಕೆ ಹೊಡೆದಂತೆ ಹೇಳಿತು. ಅವಳು ಕಟ್ಟು ಬಿಚ್ಚಿ ಒಳಗಿನ ಕಡತಗಳನ್ನು ಹೊರಗೆ ಹಾಕಿದಳು. ಸಿಸ್ಟಮ್ಮು ತಾನೇ ಹುಡುಕುತ್ತೇನೆ ಎಂದದ್ದನ್ನು ತಳ್ಳಿ, ನಾನೇ ಆರಿಸುತ್ತೇನೆ ಎಂಬುದನ್ನು ಒತ್ತಿದಳು. ಹೊಂದದೆ ಹೋಗಬಹುದು ಎಂಬ ಎಚ್ಚರಿಕೆ ಬಂತು. ಹೌದು ಎಂದಳು. ಪಟ್ಟಿ ತುಂಬಿತು. ಮೆಷಿನ್ನು ಮತ್ತೆ ಶುರುವಾಯಿತು.

ಬಾಣ ಪರದೆಯ ನಡುವೆ ಕಲ್ಲಿನಂತೆ ನಿಂತುಬಿಟ್ಟಿತು. ಟಚ್‌ಪ್ಯಾಡಿಗೂ ಅಲ್ಲಾಡಲಿಲ್ಲ, ಮೌಸಿಗೂ ಅಲ್ಲಾಡಲಿಲ್ಲ.

“ಇದ್ದದ್ದೂ ಹೋಯ್ತಾ?” ಎಂದರು ಮಾಸ್ಟರ್ ಹೆಂಡತಿ. “ಬೇಕಂತಲೇ ಮಾಡ್ತಿದ್ದೀಯಾ?”

“ಬೇಕಂತಲೇ ಕೆಡಿಸೋದಾದ್ರೆ ಇಷ್ಟು ಮೆಟ್ಟಿಲು ಹತ್ತಿ ಬರಬೇಕಿರಲಿಲ್ಲ. ಅಂಗಡೀಲೇ ಕೂತು ಆಗಲ್ಲ ಅಂದಿದ್ರೆ ಸಾಕಿತ್ತು.”

ಮಂಚದಿಂದ ಒಂದು ಸದ್ದು ಬಂತು. ಗಂಟಲಿನ ಆಳದಿಂದ, ಕೆಮ್ಮೂ ಅಲ್ಲದ ನಗುವೂ ಅಲ್ಲದ ಸದ್ದು. ಅವಳು ತಿರುಗಿದಳು. ಮಾಸ್ಟರರ ಕಣ್ಣು ಗೋಡೆ ಬಿಟ್ಟು ಪರದೆಯ ಮೇಲಿತ್ತು. ಎಡಗೈಯ ತೋರುಬೆರಳು ಚಾದರದ ಮೇಲೆ ಎರಡು ಸಲ ತಟ್ಟಿತು. ಎರಡು. ಮತ್ತೆ ಎರಡು.

ಅವಳಿಗೆ ಅರ್ಥವಾಯಿತು, ಅರ್ಥವಾದದ್ದಕ್ಕೇ ಸಿಟ್ಟು ಬಂತು. ಅದೇ ಮಾಡೆಲಿನಲ್ಲಿ ಇಬ್ಬರು ತಯಾರಕರ ಟಚ್‌ಪ್ಯಾಡ್ ಬರುತ್ತಿತ್ತು. ಒಂದೇ ಹೊರಮೈ, ಒಳಗೆ ಎರಡು ಬಗೆ. ಮೊದಲು ನಂಬರು ನೋಡದೆ ಡ್ರೈವರ್ ಹಾಕಬಾರದೆಂದು ಅವಳಿಗೆ ಕಲಿಸಿದ್ದೇ ಆ ಬೆರಳು. ಗಡಿಬಿಡಿಯಲ್ಲಿ, ಕೋಪದಲ್ಲಿ, ಅವಳು ನಂಬರು ನೋಡಿರಲಿಲ್ಲ.

“ಗೊತ್ತು,” ಎಂದಳು ಒರಟಾಗಿ. “ಹೇಳಿಕೊಡೋದು ಬೇಡ.”

ಬರೀ ಕೀಲಿಗಳನ್ನು ಒತ್ತುತ್ತ ಕುರುಡರ ಹಾಗೆ ತಡಕಾಡಿ ತಪ್ಪು ಡ್ರೈವರನ್ನು ಕಿತ್ತಳು. ಟಚ್‌ಪ್ಯಾಡಿನ ಗುರುತಿನ ನಂಬರು ತೆರೆದು ಒಂದೊಂದೇ ಅಂಕಿ ಓದಿಕೊಂಡಳು. ಇನ್ನೊಬ್ಬ ತಯಾರಕನದೇ. ಅದರ ಕಡತ ಹುಡುಕಿ ಹಾಕಿದಳು. ಈ ಸಲ ಮೆಷಿನ್ನು ಮೇಲೆದ್ದಾಗ ಪರದೆಯ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕ, ಉಗುರಿನಷ್ಟು ಚಿಕ್ಕ ಟಚ್‌ಪ್ಯಾಡಿನ ಚಿತ್ರ ಕಾಣಿಸಿತು. ಬೆರಳಲ್ಲಿ ತಟ್ಟಿದಳು. ಕಿಟಕಿ ತೆರೆಯಿತು.

ಇಲ್ಲಿಂದ ಮುಂದಿನದು ಮೆಷಿನ್ನಿನ ಕೆಲಸವಾಗಿರಲಿಲ್ಲ, ಕೈಯ ಕೆಲಸ. ಅವರ ಕೈಯನ್ನು ಮುಟ್ಟದೆ ಅದು ಆಗುವಂತಿರಲಿಲ್ಲ. ಅವಳು ಒಂದು ಕ್ಷಣ ನಿಂತಳು. ಆಮೇಲೆ ಮಣಿಕಟ್ಟು ಹಿಡಿದು ಎತ್ತಿ ಟಚ್‌ಪ್ಯಾಡಿನ ಮೇಲೆ ಇಟ್ಟಳು. ಕೈ ತಣ್ಣಗಿತ್ತು, ನೆನೆದ ಬಟ್ಟೆಯಂತೆ ಭಾರವಾಗಿತ್ತು. ಮಾಸ್ಟರ್ ಎಳೆದುಕೊಳ್ಳಲು ನೋಡಿದರು. ಎಳೆದುಕೊಳ್ಳಲು ಆಗಲಿಲ್ಲ.

“ನನಗೇನು ಖುಷಿ ಇಲ್ಲ ಇದನ್ನ ಹಿಡಿಯೋಕೆ,” ಎಂದಳು.

ಬೆರಳು ನಡುಗುತ್ತಿತ್ತು. ನಿಲ್ಲಿಸಿದಾಗ ಒಂದು ಬಗೆಯ ನಡುಕ, ಸರಿಸುವಾಗ ಇನ್ನೊಂದು ಬಗೆ. ಅವಳು ಬಾಣದ ವೇಗ ಇಳಿಸಿದಳು. ಬೆರಳು ಜೋರಾದಾಗ ಬಾಣವೂ ಜಿಗಿಯುವ ಗುಣವನ್ನು ತೆಗೆದುಹಾಕಿದಳು. ಅಂಗೈ ತಾಗಿದರೆ ಲೆಕ್ಕಿಸಬೇಡ ಎಂಬುದನ್ನು ಕೊನೆಯವರೆಗೂ ಏರಿಸಿದಳು. ಎರಡು ಬೆರಳಿನ ಆಟ, ಅಂಚಿನಲ್ಲಿ ಸರಿಸುವ ಆಟ ಎಲ್ಲ ಬಂದ್. ತಟ್ಟುವುದಕ್ಕೆ ಎಷ್ಟು ಮೆದು ಸಾಕು ಎಂಬುದನ್ನು ಒಂದೊಂದೇ ಗೆರೆ ಬದಲಿಸಿ, ಪ್ರತಿ ಸಲವೂ ಅವರ ಬೆರಳನ್ನು ಎತ್ತಿಟ್ಟು ನೋಡಿದಳು. ಅರ್ಧ ಗಂಟೆ ಹೀಗೇ ಹೋಯಿತು. ಮಾಸ್ಟರ್ ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ, ಅವಳ ಕೈಯನ್ನೇ ಕಾಯುತ್ತಿದ್ದರು. ಒಂದು ಲೋಟ ನೀರು ಬೇಕೇ ಎಂದು ಕೇಳಲಿಲ್ಲ.

ಕೊನೆಗೆ ಬಾಣ ಒಂದು ಅಕ್ಷರದ ಮೇಲೆ ಹೋಗಿ ನಿಂತಿತು. ನಿಂತೇ ಇತ್ತು. ಅವಳು ಪರದೆಯ ಮೇಲೆ ಅಕ್ಷರಗಳ ಮಣೆ ತೆರೆದಿಟ್ಟು, ಮೇಲೊಂದು ಖಾಲಿ ಹಾಳೆ ತೆರೆದಳು. ಕುರ್ಚಿ ಹಿಂದಕ್ಕೆ ಸರಿಸಿ ಕೈಕಟ್ಟಿ ಕೂತಳು.

“ಬರೀರಿ. ಏನು ಅಂತ ನಿಮ್ಮ ಮನೆಯವರು ಹೇಳಿರ್ತಾರೆ.”

ಬೆರಳು ಸರಿಯಿತು. ಒಂದು ತಟ್ಟು. ಗ. ಎಷ್ಟೋ ಹೊತ್ತಿನ ಮೇಲೆ ಅದಕ್ಕೊಂದು ದೀರ್ಘ. ಮಾಸ್ಟರ್ ಹೆಂಡತಿ ಹತ್ತಿರ ಬಂದು ಕನ್ನಡಕ ಏರಿಸಿಕೊಂಡು ಒಂದನೇ ತರಗತಿಯವರ ಹಾಗೆ ಗಟ್ಟಿಯಾಗಿ ಕೂಡಿಸಿ ಓದಿದರು.

“ಗಾ... ಗಾಳಿ. ಗಾಳಿ ಬೇ... ಗಾಳಿ ಬೇಡ.” ಓದಿ ಮುಗಿಸಿ ಧಡಕ್ಕನೆ ಹೋಗಿ ಫ್ಯಾನು ಆರಿಸಿದರು. “ಅಯ್ಯೋ, ಕಣ್ಣಲ್ಲಿ ನೀರು ಬಂದಾಗೆಲ್ಲ ಸೆಖೆ ಅಂದ್ಕೊಂಡು ಇನ್ನೂ ಜೋರು ಮಾಡ್ತಿದ್ದೆನಲ್ಲ. ಮೂವತ್ತೆಂಟು ದಿನ!”

ಕೋಣೆ ಇದ್ದಕ್ಕಿದ್ದಂತೆ ಸ್ತಬ್ಧವಾಯಿತು. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದ ಸದ್ದು ಕೇಳಿಸಿತು. ಮಾಸ್ಟರ್ ಕಣ್ಣು ಮುಚ್ಚಿ ತೆರೆದರು. ಅವಳು ಕಟ್ಟಿದ ಕೈ ಬಿಡಿಸದೆ ಇನ್ನಷ್ಟು ಬಿರುಸಾದಳು.

“ಮೊದಲ ಮಾತು ನನ್ನದು ಅಂತ ಒಪ್ಪಂದ ಆಗಿತ್ತು.”

“ಒಂದು ನಿಮಿಷ ತಡ್ಕೋಬಾರದಾ? ಕಲ್ಲೇನು ನೀನು?” ಎಂದರು ಮಾಸ್ಟರ್ ಹೆಂಡತಿ. ಸೆರಗಿನಲ್ಲಿ ಮೂಗು ಒರೆಸಿಕೊಂಡು ಗಂಡನ ಕಡೆ ಬಾಗಿದರು. “ರೀ, ಇವಳಿಗೆ ಅದೊಂದು ಹೇಳಿಬಿಡಿ. ಬಾಗಿಲ ಸಂದೀಲಿ ಇತ್ತು ಅಂತ ನೀವೇ ಅವತ್ತು ಹೇಳಿದ್ರಲ್ಲ, ಅದನ್ನೇ ಬರೀರಿ. ಹೋಗ್ಲಿ ಇವಳು.”

ಮಾಸ್ಟರ್ ತಮ್ಮ ಹೆಂಡತಿಯನ್ನು ನೋಡಿದರು. ಆಮೇಲೆ ಅವಳನ್ನು. ಆ ನೋಟದಲ್ಲಿ ಕರುಣೆ ಇರಲಿಲ್ಲ, ಕೇಳಿಕೊಳ್ಳುವುದೂ ಇರಲಿಲ್ಲ. ಲೆಕ್ಕಕ್ಕೆ ಬಾರದ ಗಿರಾಕಿಯೊಬ್ಬ ಅಂಗಡಿ ಮುಚ್ಚುವ ಹೊತ್ತಿಗೆ ಬಂದು ನಿಂತರೆ ನೋಡುತ್ತಿದ್ದರಲ್ಲ, ಹಾಗೆ. ಬೆರಳು ಮೆಲ್ಲಗೆ ಹೊರಟಿತು.

“ನ,” ಎಂದು ಓದಿದರು ಹೆಂಡತಿ. “ಮತ್ತೆ ನ. ಅದಕ್ಕೊಂದು ಒತ್ತು... ನನ್ನ. ನನ್ನ ಚ... ಚೀ...”

ಬಾಣ ಒಂದು ಅಕ್ಷರ ತಪ್ಪಿ ಪಕ್ಕದ್ದರ ಮೇಲೆ ಕೂತಿತು. ಮಾಸ್ಟರ್ ಹಿಂದಕ್ಕೆ ಹೋಗಿ ಅದನ್ನು ಅಳಿಸಿ ಸರಿಯಾದದ್ದನ್ನು ಒತ್ತಿದರು. ತಪ್ಪಾದದ್ದನ್ನು ಹಾಗೇ ಬಿಡುವ ಮನುಷ್ಯ ಅವರು ಯಾವತ್ತೂ ಆಗಿರಲಿಲ್ಲ.

“ನನ್ನ ಚೀಲ,” ಎಂದರು ಹೆಂಡತಿ. “ನನ್ನ ಚೀಲ ಅಂದ್ರೆ? ಯಾರ ಚೀಲ?”

ಅವಳು ಕುರ್ಚಿಯಿಂದ ಎದ್ದಿದ್ದಳು. ಯಾವಾಗ ಎದ್ದಳೆಂದು ಅವಳಿಗೇ ತಿಳಿಯಲಿಲ್ಲ. ಬೂದು ಬಣ್ಣದ ಉದ್ದ ಹಿಡಿಯ ಚೀಲವದು, ಮಾಸ್ಟರ್ ಕುರ್ಚಿಯ ಬೆನ್ನಿಗೆ ನೇತುಹಾಕುತ್ತಿದ್ದದ್ದು. ಅವಳ ಬ್ಯಾಗು ಕೊಡವಿದ ಹೊತ್ತಿನಲ್ಲಿ ಅದು ಅವರ ಬೆನ್ನ ಹಿಂದೆಯೇ ತೂಗಾಡುತ್ತಿತ್ತು.

“ಯಾವತ್ತು ಸಿಕ್ತು?” ಎಂದು ಕೇಳಿದಳು. ದನಿ ತನ್ನದಲ್ಲ ಎನಿಸಿತು.

ಬೆರಳು ಈಗ ಅಷ್ಟು ತಡ ಮಾಡಲಿಲ್ಲ. ಅ. ವ. ತ, ಅದಕ್ಕೊಂದು ಒತ್ತು.

“ಅವತ್ತೇ,” ಎಂದು ಹೆಂಡತಿ ಓದಿದರು. ಓದುತ್ತ ಓದುತ್ತಲೇ ಅವರ ದನಿ ಇಳಿಯಿತು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆದರೆ ಬೆರಳು ಇನ್ನೂ ನಿಂತಿರಲಿಲ್ಲ. ಕೆಳಗಿನ ಸಾಲಿಗೆ ಇಳಿದು ಇನ್ನೊಂದು ಪದ ಬರೆಯಿತು. ಅದನ್ನು ಹೆಂಡತಿ ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ದೊಡ್ಡ ಅಕ್ಷರದಲ್ಲಿ ಕಾಣುತ್ತಿತ್ತು. ಹೋಗು.

ಆ ಸಂಜೆಯೇ ಮನೆಗೆ ಬಂದು ಚೀಲ ಬಿಚ್ಚಿದ್ದಾರೆ. ಮರೆತು ತಾವೇ ಹಾಕಿಕೊಂಡಿದ್ದ ಡಿಸ್ಕ್ ಕೈಗೆ ಸಿಕ್ಕಿದೆ. ಎರಡು ದಿನ ಇಟ್ಟುಕೊಂಡು, ಬಾಗಿಲ ಸಂದಿಯ ಕತೆ ಕಟ್ಟಿದ್ದಾರೆ. ಇಷ್ಟು ಸಣ್ಣದು. ಒಂಬತ್ತು ವರ್ಷ ಅವಳು ಏನೇನೋ ಊಹಿಸಿದ್ದಳು. ಅಂಗಡಿಗೆ ಬಂದ ಬೇರೆ ಯಾರೋ, ಕಪಾಟಿನ ಹಿಂದಿನ ಸಂದು, ಫೋಟೋಗ್ರಾಫರನದೇ ಮೋಸ. ನೂರು ಸಲ ಅವನ್ನೆಲ್ಲ ಜೋಡಿಸಿ ಬಿಚ್ಚಿದ್ದಳು. ಅವಳ ಕೈ ಮೊಬೈಲಿನ ಕಡೆ ಹೋಯಿತು, ಪರದೆಯ ಒಂದು ಫೋಟೋ ತೆಗೆದುಕೊಳ್ಳಲು. ಯಾರಿಗೆ ತೋರಿಸುವುದು? ಫೋಟೋಗ್ರಾಫರ್ ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು. ನಾಲ್ವರು ಗಿರಾಕಿಗಳ ಮುಖವೂ ಈಗ ನೆನಪಿಲ್ಲ. ಪೇಟೆಗೆ ಆ ಡಿಸ್ಕು ಮರೆತುಹೋಗಿ, ಅಡ್ಡಹೆಸರು ಮಾತ್ರ ಉಳಿದಿತ್ತು. ಕೈ ಹಿಂದಕ್ಕೆ ಬಂತು.

ಅವಳು ಮೌಸ್ ಕಿತ್ತು ವೈರು ಸುತ್ತಿದಳು. ಪೆನ್‌ಡ್ರೈವ್ ತೆಗೆದಳು. ಮಾಸ್ಟರ್ ಹೆಂಡತಿ ಅಡ್ಡ ಬರಲೂ ಇಲ್ಲ, ದಾರಿ ಬಿಡಲೂ ಇಲ್ಲ. ಅವರನ್ನು ಬಳಸಿಕೊಂಡು ಹೊರಗೆ ನಡೆದಳು. ಬಾಗಿಲು ದಾಟಿ, ಮೊದಲ ಸಾಲು ಮೆಟ್ಟಿಲು ಇಳಿದು, ತಿರುವಿನಲ್ಲಿ ನಿಂತಳು.

ಒಂದು ಕೆಲಸ ಬಾಕಿ ಇತ್ತು. ಅದು ಅವಳಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ, ಮಾಸ್ಟರಿಗೂ ಗೊತ್ತಿರಲಾರದು. ಅವರ ಕಾಲದಲ್ಲಿ ಸಿಸ್ಟಮ್ಮುಗಳು ಇಷ್ಟು ಅಧಿಕಪ್ರಸಂಗಿಗಳಾಗಿರಲಿಲ್ಲ. ಇಂಟರ್ನೆಟ್ ಸಿಕ್ಕ ತಕ್ಷಣ ಈ ಹೊಸ ಸಿಸ್ಟಮ್ಮು ಹಳೆಯ ಡ್ರೈವರನ್ನು ತಾನೇ ಕಿತ್ತೆಸೆದು ತನ್ನದನ್ನು ಕೂರಿಸಿಕೊಳ್ಳುತ್ತದೆ. ಹಾಗೆ ಮಾಡಬೇಡ ಎಂದು ಅದಕ್ಕೆ ಬೀಗ ಹಾಕಬೇಕು. ಹಾಕದಿದ್ದರೆ ನಾಳೆಯೋ ನಾಡಿದ್ದೋ ಬಾಣ ಮತ್ತೆ ಹುಚ್ಚೆದ್ದು ಓಡುತ್ತದೆ. ತಟ್ಟಿದರೆ ಏನೂ ಆಗುವುದಿಲ್ಲ. ಮತ್ತೆ ಅವರು ಗೋಡೆ ನೋಡುತ್ತ ಮಲಗುತ್ತಾರೆ. ತಪ್ಪು ಅವಳದು ಎಂದು ಯಾರೂ ಹೇಳಲಾರರು. ಮೆಷಿನ್ನು ತಾನಾಗಿಯೇ ಮಾಡಿಕೊಂಡದ್ದು.

ಮೆಟ್ಟಿಲ ಕಿಟಕಿಯಿಂದ ಬಿಸಿಲು ಅವಳ ಕಾಲ ಮೇಲೆ ಬಿದ್ದಿತ್ತು. ಮೇಲಿನ ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತು ಬರುತ್ತಿತ್ತು, ಅವರೂ ಆಡುತ್ತಿರಲಿಲ್ಲ. ಅವಳು ಕಂಬಿ ಹಿಡಿದು ನಿಂತಳು. ಎರಡು ಮೆಟ್ಟಿಲು ಇಳಿದಳು. ಆಮೇಲೆ ತನಗೆ ತಾನೇ ಏನೋ ಬೈದುಕೊಳ್ಳುತ್ತ ಮೇಲಕ್ಕೆ ಹತ್ತಿದಳು.

ಬಾಗಿಲು ಇನ್ನೂ ತೆರೆದೇ ಇತ್ತು. ಮಾಸ್ಟರ್ ಹೆಂಡತಿ ಮಂಚದ ತುದಿಯಲ್ಲಿ, ಗಂಡನಿಗೆ ಬೆನ್ನು ಮಾಡಿ ಕೂತಿದ್ದರು.

“ಮತ್ತೇನು?” ಎಂದರು. ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

“ಒಂದು ಬೀಗ ಹಾಕೋದು ಉಳಿದಿದೆ. ಇಲ್ಲದಿದ್ರೆ ಎರಡು ದಿನದಲ್ಲಿ ಇದು ಮತ್ತೆ ಕೆಟ್ಟು ಕೂರತ್ತೆ.” ಮಾಸ್ಟರರ ಕಡೆ ನೋಡದೆ ಹೇಳಿದಳು, “ಆ ಡಿಸ್ಕಿನ ವಿಷಯ ಯಾರಾದ್ರೂ ಕೇಳಿದ್ರೆ ಹೇಳೋಕೆ ಇವರಿಗೆ ಬಾಯಿ ಇರಬೇಕಲ್ಲ.”

ನಿಂತೇ ಮಾಡಿದಳು, ಕೀಲಿಗಳಲ್ಲೇ. ಮೂರು ಪುಟ ಒಳಗೆ ಹೋಗಿ ಆ ಒಂದು ಸಾಧನಕ್ಕೆ ಬೀಗ ಹಾಕಿದಳು. ಮೆಷಿನ್ನು ಒಮ್ಮೆ ಆರಿ ಹತ್ತಬೇಕಿತ್ತು. ಅದನ್ನು ಒತ್ತಿದಾಗ, ತೆರೆದಿದ್ದ ಹಾಳೆ ಅಡ್ಡ ಬಂದು ಕೇಳಿತು. ಬರೆದದ್ದನ್ನು ಉಳಿಸಬೇಕೇ? ಕೆಳಗೆ ಎರಡು ಗುಂಡಿ. ಉಳಿಸು. ಬೇಡ.

ಒಂದು ಕೀಲಿ ಒತ್ತಿದ್ದರೆ ಮುಗಿಯುತ್ತಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಚಕ್ರದ ಮೇಜನ್ನು ಮಂಚದ ಕಡೆ ತಳ್ಳಿ, ಮಣಿಕಟ್ಟು ಎತ್ತಿ ಟಚ್‌ಪ್ಯಾಡಿನ ಮೇಲಿಟ್ಟಳು.

“ನೀವೇ ಒತ್ತಿ,” ಎಂದಳು.

ಮಾಸ್ಟರ್ ಪರದೆಯನ್ನು ಬಹಳ ಹೊತ್ತು ನೋಡಿದರು. ಗಾಳಿ ಬೇಡ. ನನ್ನ ಚೀಲ. ಅವತ್ತೇ. ಹೋಗು. ನಾಲ್ಕು ಸಾಲು. ಬೆರಳು ಚಲಿಸಿತು. ಬಾಣ ಎಲ್ಲೂ ತಡೆಯಲಿಲ್ಲ, ಎಲ್ಲೂ ಹಾರಲಿಲ್ಲ, ಅತ್ತಿತ್ತ ಓಲಾಡಲಿಲ್ಲ. ಅವಳು ಹೊಂದಿಸಿದ ಹಾಗೆಯೇ, ನೂಲು ಹಿಡಿದಂತೆ ನೆಟ್ಟಗೆ ಹೋಗಿ ಬೇಡ ಎಂಬುದರ ಮೇಲೆ ನಿಂತಿತು. ಒಂದು ಮೆದುವಾದ ತಟ್ಟು.

ಪರದೆ ಕಪ್ಪಾಯಿತು.

“ಅಳಿಸಿದ್ರಾ?” ಎಂದರು ಮಾಸ್ಟರ್ ಹೆಂಡತಿ, ಬೆನ್ನು ತಿರುಗಿಸದೆ.

“ಹ್ಞೂಂ.”

“ನಾನು ಓದಿದ್ದೀನಿ,” ಎಂದರು. ಯಾರಿಗೆ ಹೇಳಿದರೆಂದು ಗೊತ್ತಾಗಲಿಲ್ಲ.

ಮೆಷಿನ್ನು ಮೇಲೇಳಲು ಆರು ನಿಮಿಷ ಬೇಕಿತ್ತು. ಮೂವರೂ ಕಾದರು. ಗಾಳಿಯಿಲ್ಲದ ಕೋಣೆಯಲ್ಲಿ ಲ್ಯಾಪ್‌ಟಾಪಿನ ಒಳಗಿನ ಸಣ್ಣ ಫ್ಯಾನೊಂದೇ ಗೊರಗುಡುತ್ತಿತ್ತು. ಕೆಳಮೂಲೆಯಲ್ಲಿ ಉಗುರಿನಷ್ಟು ಚಿತ್ರ ಕಾಣಿಸಿತು. ಪರದೆಯ ನಡುವೆ ಬಾಣ ಬಂದು ನಿಂತಿತು. ಅವಳು ಬ್ಯಾಗನ್ನು ಹೆಗಲಿಗೇರಿಸಿಕೊಂಡು, ಬಾಗಿಲಲ್ಲಿ ನಿಂತು, ಕೆಲಸ ಸರಿಯಾಗಿದೆಯೇ ಎಂದು ನೋಡಲು ಆ ಬೆರಳು ಅಲ್ಲಾಡುವುದನ್ನೇ ಕಾಯತೊಡಗಿದಳು.